ಅರ್ಧ ಬಿಡಬೇಕೆಂದಿದ್ದ ನೀರು

ಸಾನ್ ಹುವಾನನ ಹಬ್ಬ ಜೂನ್ ತಿಂಗಳ ಕೊನೆಗೇ ಯಾಕೆ ಬರಬೇಕು ಎಂದು ಯಾರನ್ನು ಕೇಳುವುದು? ನೆತ್ತಿ ಸೀಳುವ ಬಿಸಿಲಿನ ಕಾಲ ಅದು. ಅರಿಝೋನಾದ ನಮ್ಮ ತಾಮ್ರದ ಗಣಿಯ ಊರಲ್ಲಿ ಆಗ ನಾಯಿಗಳು ಕೂಡ ಬೊಗಳುವ ಗೋಜಿಗೆ ಹೋಗುವುದಿಲ್ಲ. ತಣ್ಣೀರಿನ ನಲ್ಲಿ ತಿರುಗಿಸಿದರೆ ಸ್ನಾನಕ್ಕಾಗುವಷ್ಟು ಬಿಸಿನೀರು ಬರುತ್ತದೆ. ಆದರೆ ಅವನು ನೀರಿನ ಸಂತ. ಅವನ ದಿನ ಕಣಿವೆಗೆ ಇಳಿದು, ತಳದ ಒರತೆಯಲ್ಲಿ ಮುಖ ತೊಳೆದು, ಒಂದು ಸೀಸೆ ನೀರು ಮನೆಗೆ ತಂದರೆ ಮಳೆ ದಾರಿ ತಪ್ಪದೆ ಬರುತ್ತದೆ ಅನ್ನುವುದು ಬ್ರಾಕಮಾಂಟೆ ಮನೆಯವರ ನಂಬಿಕೆ. 'ಚಳಿಗಾಲದಲ್ಲಿ ಇಳಿದರೆ ಅದು ಪ್ರವಾಸ, ಜೂನಿನಲ್ಲಿ ಇಳಿದರೆ ಹರಕೆ' ಎಂದು ಆ ಮನೆಯ ಎಲ್ವೀರಾಳ ತಾಯಿ ಹೇಳುತ್ತಿದ್ದಳು. ಆಕೆ ಹೇಳಿದ್ದರಲ್ಲಿ ಅರ್ಧ ಸುಳ್ಳಿರುತ್ತಿತ್ತು. ಆದರೂ ಇಬ್ಬರು ಹೆಣ್ಣುಮಕ್ಕಳೂ ಅದನ್ನು ಸೆರಗಿನ ಗಂಟಿನಂತೆ ಕಾಪಾಡಿಕೊಂಡು ಬಂದಿದ್ದರು.

ಈ ವರ್ಷ ಎಲ್ವೀರಾಳಿಗೆ ಜೊತೆ ಅಳಿಯ ಎವೆರೆಟ್. ಮಗಳು ಮರಿಸೋಲ್ ತುಂಬಿದ ಬಸುರಿ, ಫ್ಯಾನಿನ ಕೆಳಗೆ ಕಾಲು ಮೇಲೆತ್ತಿ ಮಲಗಿದ್ದವಳು, 'ಅಮ್ಮ ಒಬ್ಬಳೇ ಹೋಗ್ತಾಳೆ, ನೀನೂ ಹೋಗು' ಎಂದು ಗಂಡನನ್ನು ದಬ್ಬಿದ್ದಳು. ಮಿನಸೋಟಾದವನು ಅವನು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿ, ಅದರ ಮೇಲೆ ಲಾರಿ ಓಡಿಸುವಂಥ ಸೀಮೆ. ಆರಡಿ ಮೂರಂಗುಲದ ಆಳು, ಹುಡುಗಿಯರಂಥ ಗುಲಾಬಿ ಕೆನ್ನೆ. ಬಿಸಿಲಿಗೆ ಮೊದಲು ಬೀಳುವವನು ಇವನೇ ಎಂದು ಎಲ್ವೀರಾ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದಳು.

ಇನ್ನೂ ನಕ್ಷತ್ರಗಳಿದ್ದ ಹೊತ್ತಿನಲ್ಲಿ ಕಣಿವೆಯ ಅಂಚಿಗೆ ಬಂದರು. ಅಲ್ಲೊಂದು ಬೋರ್ಡು. ಎವೆರೆಟ್ ಟಾರ್ಚು ಬಿಟ್ಟು ಗಟ್ಟಿಯಾಗಿ ಓದಿದ.

"ಅತ್ತೆ, ಬೇಸಿಗೇಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ದಾರಿ ಮೇಲೆ ಇರಬೇಡಿ ಅಂತಿದೆ. ಹೋದ್ ವರ್ಷ ಇಲ್ಲಿ ಸತ್ತೋರಲ್ಲಿ ಹೆಚ್ಚಿನೋರು ಗಟ್ಟಿಮುಟ್ಟಾಗಿದ್ದೋರೇ ಅಂತೆ."

"ಅದು ನಿನ್ನಂಥೋರಿಗೆ ಬರೆಸಿರೋದು ಕಣಪ್ಪ. ನಮ್ಮಮ್ಮ ನನ್ನ ಹೆತ್ತಿದ್ದು ಆಗಸ್ಟಲ್ಲಿ, ತಗಡಿನ ಸೂರಿನ ಕೆಳಗೆ. ನನಗೆ ಬಿಸಿಲು ಅಂದ್ರೆ ತವರುಮನೆ ಇದ್ದ ಹಾಗೆ."

"ತವರುಮನೇಲೂ ಜಗಳ ಆಗಲ್ವಾ ಅತ್ತೆ?"

"ಹೆಚ್ಚು ಮಾತಾಡ್ಬೇಡ. ಬಾಯಾರುತ್ತೆ."

ಅವನು ಕೇಳಿದ್ದರಲ್ಲಿ ತಮಾಷೆ ಬಿಟ್ಟು ಬೇರೇನೂ ಇರಲಿಲ್ಲ. ಆದರೆ ಎಲ್ವೀರಾಳಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ತವರಿನ ಕಡೆಯಿಂದ ಅವಳಿಗೆ ಉಳಿದಿದ್ದವಳು ಅಕ್ಕ ಚಾಯೋ ಒಬ್ಬಳೇ. ಆ ಅಕ್ಕನ ಜೊತೆ ಅವಳು ಮಾತು ಬಿಟ್ಟು ಏಳು ಬೇಸಿಗೆಗಳಾಗಿದ್ದವು.

ಬೆಟ್ಟಕ್ಕೂ ಕಣಿವೆಗೂ ಒಂದು ವ್ಯತ್ಯಾಸವಿದೆ. ಬೆಟ್ಟ ಹತ್ತುವವನು ಸುಸ್ತಾದರೆ ತಿರುಗಿ ಇಳಿದುಬಿಡಬಹುದು. ಕಣಿವೆ ಹಾಗಲ್ಲ, ಮೊದಲು ಮುದ್ದು ಮಾಡಿ ಕರೆಯುತ್ತದೆ. ಇಳಿಯುವುದು ನಿನ್ನ ಇಷ್ಟ, ಏರುವುದು ನಿನ್ನ ಹಣೆಬರಹ. ಅದಕ್ಕೇ ಕಣಿವೆಯ ಜನ ಇಳಿಯುವಾಗ ಅರ್ಧ ದಾರಿಯಲ್ಲಿ, ವಾಲಿಕೊಂಡು ನಿಂತ ಬಂಡೆಯ ಬುಡದಲ್ಲಿ, ಜಾಲಿಮರದ ಕೆಳಗೆ ನೀರು ಇಟ್ಟು ಹೋಗುತ್ತಾರೆ. ಇಟ್ಟ ಪಾತ್ರೆಯ ಮೇಲೆ ಹೆಸರು, ದಿನ. ಹೇಳಿದ ದಿನ ದಾಟಿದ್ದರೆ ಆ ನೀರು ಯಾರದ್ದಾದರೂ ಸರಿ. ದಾಟಿಲ್ಲದಿದ್ದರೆ ಅದನ್ನು ಮುಟ್ಟುವುದು ಇನ್ನೊಬ್ಬರ ಕುತ್ತಿಗೆ ಮುಟ್ಟಿದ ಹಾಗೆ. ಇದನ್ನು ಯಾರೂ ಬೋರ್ಡಿನಲ್ಲಿ ಬರೆಸಿಲ್ಲ, ಬರೆಸುವ ಅಗತ್ಯವೂ ಬಿದ್ದಿಲ್ಲ.

ನಸುಗತ್ತಲಲ್ಲಿ ಎಲ್ವೀರಾ ತನ್ನ ಎರಡು ಪ್ಲಾಸ್ಟಿಕ್ ಕ್ಯಾನುಗಳನ್ನು ಬಂಡೆಯ ಬುಡಕ್ಕೆ ತಳ್ಳಿ, ಮೇಲೆ ನಾಲ್ಕು ಒಣಗಿದ ಕೊಂಬೆ ಎಳೆದಳು. ಎವೆರೆಟ್ ಕಲ್ಲು ಆಯತೊಡಗಿದ.

"ಏನದು, ಕೋಟೆ ಕಟ್ತೀಯಾ?"

"ಪ್ರಾಣಿ ಗೀಣಿ ಬಂದ್ರೆ ಅಂತ, ಅತ್ತೆ."

"ಮೂವತ್ತು ವರ್ಷದಿಂದ ಇಡ್ತಾ ಇದೀನಿ ನಾನು. ಬಿಡು, ಸಾಕು. ಹೊತ್ತಾಗುತ್ತೆ."

ಅವನು ಕಲ್ಲು ಕೆಳಗಿಟ್ಟ. ಪಾಪ, ಹೇಳಿದ ಮಾತು ಕೇಳುವ ಅಳಿಯ.

ಒರತೆ ತಲುಪಿದಾಗ ಕಣಿವೆಯ ತಳದಲ್ಲಿ ಬೆಳಗು ನೀಲಿಯಾಗಿತ್ತು. ಕೆಂಪು ಗೋಡೆಗಳ ನಡುವೆ, ಆಕಾಶ ಒಂದು ಪಟ್ಟಿಯಷ್ಟೇ ಕಾಣುವ ಜಾಗದಲ್ಲಿ, ನೀರು ಮೇಲಿನ ತಿರುವಿನ ಆಚೆಯ ಕಲ್ಲಿನೊಳಗಿಂದ ಬೆರಳು ಗಾತ್ರ ಹರಿದು ಬಂದು ಒಂದು ಬೋಗುಣಿಯಂಥ ಗುಂಡಿಗೆ ಬೀಳುತ್ತಿತ್ತು. ಎಲ್ವೀರಾ ಮಂಡಿಯೂರಿ ಮುಖ ತೊಳೆದಳು. ಆಗ ಎಂದಿನಂತೆ ಅವಳಿಗೆ ತಾಯಿಯ ಕತ್ತರಿಯ ಸದ್ದು ಕೇಳಿಸಿತು. ಸಾನ್ ಹುವಾನನ ಬೆಳಿಗ್ಗೆ ತಾಯಿ ಇಬ್ಬರನ್ನೂ ಈ ಗುಂಡಿಯ ಪಕ್ಕ ಕೂರಿಸಿ ಕೂದಲ ತುದಿ ಕತ್ತರಿಸುತ್ತಿದ್ದಳು, ಉದ್ದ ಬೆಳೆಯಲಿ ಎಂದು. ಕತ್ತರಿಸಿದ ಮರುಗಳಿಗೆಯೇ ಚಾಯೋ ಅಪ್ಪನ ಗಣಿ ಕಾಲದ ತಗಡಿನ ಡಬ್ಬಿ ತುಂಬಿಕೊಂಡು ಬಂದು, ತಂಗಿಯ ತಲೆಯ ಮೇಲೆ ಸುರಿದು, 'ಸಾನ್ ಹುವಾನ್ ಬಂದ!' ಎಂದು ಕೂಗಿ ಓಡುತ್ತಿದ್ದಳು. ಈ ದಿನ ನೀರೆರಚಿದರೆ ಯಾರೂ ಬೈಯುವಂತಿಲ್ಲ.

ಮರಿಸೋಲಳ ಮಗುವಿಗೆಂದು ತಂದಿದ್ದ ಪುಟ್ಟ ಗಾಜಿನ ಸೀಸೆ ತುಂಬಿ, ಬಿರಟೆ ಹಾಕಿ, ಎದೆಯ ಜೇಬಿನಲ್ಲಿ ಇಟ್ಟುಕೊಂಡಳು. ಮಗು ಹುಟ್ಟಿದ ಮೇಲೆ ಮೊದಲು ಹಣೆಗೆ ಮುಟ್ಟಿಸುವ ನೀರು ಅದು. ಅವರು ಬೇಯಿಸಿದ ಕಾಳು ಹಾಕಿ ಸುತ್ತಿದ ರೊಟ್ಟಿ ತಿಂದರು. ಬಾಟಲಿಗಳನ್ನು ತುಂಬಿಕೊಂಡರು. ಇನ್ನು ಸಂಜೆಯವರೆಗೆ ಇಲ್ಲೇ ನೆರಳಲ್ಲಿ ಬಿದ್ದುಕೊಂಡಿದ್ದು, ಬಿಸಿಲು ಇಳಿದ ಮೇಲೆ ಏರುವುದು. ಎಲ್ವೀರಾ ಯಾವಾಗಲೂ ಮಾಡುತ್ತಿದ್ದುದು ಹಾಗೆಯೇ. ಅವಳು ಜಂಭದವಳು ಹೌದು, ದಡ್ಡಿಯಲ್ಲ.

ಆಗ ಹೂವು ತೇಲಿ ಬಂತು.

ಮೇಲಿನ ತಿರುವಿನ ಕಡೆಯಿಂದ, ನೀರಿನ ಸಣ್ಣ ಎಳೆಯ ಮೇಲೆ, ಕೇಸರಿ ಬಣ್ಣದ ಒಂದು ಕಾಗದದ ಹೂವು. ಹಿಂದೆಯೇ ಇನ್ನೊಂದು. ಸಂತನಿಗೆಂದು ನೀರಿಗೆ ಹೂ ಬಿಡುವುದು ಎಲ್ಲರೂ ಮಾಡುವುದೇ. ಆದರೆ ಕೇಸರಿ ಕಾಗದದ ಹೂವಿನ ಬಳ್ಳಿ ಊರಿಗೆಲ್ಲ ಒಂದೇ ಮನೆಯಲ್ಲಿತ್ತು. ತಿರುವಿನ ಆಚೆಯಿಂದ ಯಾರೋ ಮೂಗಿನಲ್ಲೇ ಹಾಡಿಕೊಳ್ಳುವುದು ಸಣ್ಣಗೆ ಕೇಳುತ್ತಿತ್ತು. ಚಾಯೋಗೆ ಗಾಡಿ ಓಡಿಸಲು ಬರುವುದಿಲ್ಲ, ಅದಕ್ಕೇ ಮೇಲೆ ಗಾಡಿ ಕಾಣಲಿಲ್ಲ. ಯಾರೋ ರಾತ್ರಿಯೇ ಬಿಟ್ಟು ಹೋಗಿರಬೇಕು.

ಎಲ್ವೀರಾ ಥಟ್ಟನೆ ಎದ್ದಳು. "ಏಳು, ಹೊರಡೋಣ."

"ಈಗ್ಲಾ? ಸಂಜೆ ಅಂದ್ರಲ್ಲ ಅತ್ತೆ!"

"ನನಗಿಲ್ಲಿ ಉಸಿರು ಕಟ್ಟುತ್ತೆ."

"ಒಂಬತ್ತು ಗಂಟೆ ಆಯ್ತು. ಅರ್ಧ ದಾರಿಗೆ ಹೋಗೋಷ್ಟರಲ್ಲಿ..."

"ಬರೋದಾದ್ರೆ ಬಾ. ಇಲ್ದಿದ್ರೆ ಹೂವು ಎಣಿಸ್ಕೊಂಡು ಕೂತಿರು."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಗಾದೆ. ಇವಳು ಏಳು ವರ್ಷದ ಹಿಂದೆ ಒಮ್ಮೆ ಕೊಯ್ದುಕೊಂಡಿದ್ದಳು. ಈಗ ಮತ್ತೆ ಕತ್ತಿ ಎತ್ತಿದಳು.

ಏಳು ವರ್ಷದ ಹಿಂದೆ ನಡೆದದ್ದು ಇಷ್ಟೇ. ಅಕ್ಕತಂಗಿಯರಿಬ್ಬರೂ ಇಳಿದಿದ್ದರು, ಚಾಯೋ ಮುಂದಾಗಿ ಏರಿದ್ದಳು. ಹಿಂದೆ ಬಂದ ಎಲ್ವೀರಾ ಜಾಲಿಮರದ ಕೆಳಗೆ ನೋಡಿದರೆ ಎರಡು ಪಾತ್ರೆಗಳೂ ಖಾಲಿ, ಅಕ್ಕನದೂ, ತನ್ನದೂ. ಆಮೇಲೆ ನೆನಪಿರುವುದು ಹೆಲಿಕಾಪ್ಟರಿನ ಸದ್ದು, ಆಸ್ಪತ್ರೆಯ ಬಿಳಿ ತಾರಸಿ, ಮೂತ್ರಪಿಂಡ ಕೆಲಸ ನಿಲ್ಲಿಸಿದೆ ಎಂದು ಯಾರೋ ಪಿಸುಗುಟ್ಟಿದ್ದು. ಚಾಯೋ ಗಂಜಿ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಹೇಳಿದ್ದು ಒಂದೇ ಮಾತು: "ಅರ್ಧ ಬಿಡಬೇಕು ಅಂತಿದ್ದೆ ಕಣೇ." ಎಲ್ವೀರಾ ನಕ್ಕುಬಿಟ್ಟಿದ್ದಳು, ಕೆಟ್ಟ ನಗು. 'ನನಗೆ ಅಕ್ಕ ಇಲ್ಲ' ಎಂದು ಗೋಡೆಗೆ ತಿರುಗಿ ಮಲಗಿದ್ದಳು.

ಅಷ್ಟಕ್ಕೇ ಬಿಟ್ಟಳೇ? ಆ ಮಾತನ್ನು ಮನೆಯ ಗಾದೆ ಮಾಡಿಬಿಟ್ಟಳು. ಯಾರಾದರೂ ತಟ್ಟೆಯಲ್ಲಿದ್ದ ಕೊನೆಯ ಕಡುಬು ತಿಂದರೆ, "ಪಾಪ, ಅರ್ಧ ಬಿಡಬೇಕು ಅಂತಿದ್ರು" ಎನ್ನುತ್ತಿದ್ದಳು. ಮರಿಸೋಲಳ ಮದುವೆಯ ದಿನ ಕೇಕು ಮುಗಿದಾಗಲೂ ಅಂದಳು. ಇಗರ್ಜಿಯಲ್ಲಿ, ಅಂಗಡಿಯಲ್ಲಿ, ಚಾಯೋಗೆ ಕೇಳಿಸುವಂತೆ ಅಂದಳು. ಎವೆರೆಟ್ ಕೂಡ ಅದೊಂದು ಈ ಕಡೆಯ ಜೋಕು ಎಂದುಕೊಂಡು ಬಿಯರ್ ಮುಗಿದಾಗೆಲ್ಲ ಹೇಳುತ್ತಿದ್ದ.

ಬಿಸಿಲು ಗೋಡೆಯ ಮೇಲಿಂದ ಇಳಿದು ದಾರಿಗೆ ಬಂತು. ಇಲ್ಲಿನ ಬಿಸಿಲು ಮೇಲಿಂದ ಮಾತ್ರ ಬೀಳುವುದಲ್ಲ. ಕಲ್ಲಿನಿಂದ, ಎದುರಿನ ಗೋಡೆಯಿಂದ, ಚಪ್ಪಲಿಯ ಅಡಿಯಿಂದ ಬರುತ್ತದೆ. ನೆರಳಿನಲ್ಲೇ ನೂರಾ ಹದಿನಾಲ್ಕು ಡಿಗ್ರಿ. ಜ್ವರದ ಲೆಕ್ಕದಲ್ಲಿ ಅಷ್ಟಾಗಿದ್ದರೆ ಮನುಷ್ಯ ಉಳಿಯುವ ಮಾತೇ ಇಲ್ಲ. ಎವೆರೆಟ್ ತೊಯ್ದು ತೊಪ್ಪೆಯಾಗಿದ್ದ, ಪ್ರತಿ ತಿರುವಿನಲ್ಲೂ ನಿಂತು ಎರಡು ಗುಟುಕು ಕುಡಿಯುತ್ತಿದ್ದ. ಎಲ್ವೀರಾ ನಿಲ್ಲಲಿಲ್ಲ. ಹಿಂದೆ ಯಾರೋ ಅಟ್ಟಿಸಿಕೊಂಡು ಬರುವವರಂತೆ ಏರಿದಳು. ಅವಳ ಬಾಟಲಿ ಅರ್ಧ ದಾರಿಗೆ ಮೊದಲೇ ಬರಿದಾಯಿತು. ಇರಲಿ, ಮರದ ಕೆಳಗೆ ಎರಡು ಕ್ಯಾನುಗಳಿವೆಯಲ್ಲ.

"ಅತ್ತೆ, ನೀವು ಬೆವರ್ತಾನೇ ಇಲ್ಲ," ಎಂದ ಎವೆರೆಟ್ ಒಂದು ಕಡೆ.

"ಬೆವರೋಕೆ ನಾನೇನು ಮಂಜಿನ ಊರಿನೋಳಾ?"

ಹಾಗಂದವಳಿಗೆ ಸಣ್ಣಗೆ ಚಳಿಯಾಯಿತು. ತೋಳಿನ ಮೇಲೆ ರೋಮ ನಿಂತಿತ್ತು. ಅರೆ, ಮೋಡ ಬಂತೇ ಎಂದು ಆಕಾಶ ನೋಡಿದಳು. ಮೋಡವಿರಲಿಲ್ಲ. ಗೋಡೆಗಳು ಮಲಗಿದ ದನದ ಹೊಟ್ಟೆಯಂತೆ ಮೆಲ್ಲಗೆ ಉಬ್ಬಿ ಇಳಿಯುತ್ತಿದ್ದವು. ಎಲ್ಲಿಂದಲೋ ಅಕಾರ್ಡಿಯನ್ ಕೇಳುತ್ತಿತ್ತು. ಕಂಬಗಳ್ಳಿಗಳೆಲ್ಲ ಕೈ ಎತ್ತಿ ಮೆರವಣಿಗೆ ಹೊರಟಿದ್ದವು, ಮುಂದಿನ ಕಳ್ಳಿಯ ತಲೆಯ ಮೇಲೆ ಸಂತನ ಪುಟ್ಟ ವಿಗ್ರಹ. ಎಷ್ಟು ಚೆಂದ ಎಂದುಕೊಂಡಳು. ದಾರಿ ತಾನಾಗಿಯೇ ಕಾಲಿನ ಕೆಳಗೆ ಹರಿಯುತ್ತಿತ್ತು, ಅವಳು ನಡೆಯಲೇಬೇಕಾಗಿರಲಿಲ್ಲ.

"ಅತ್ತೆ! ಆ ಕಡೆ ಪ್ರಪಾತ!"

ಎವೆರೆಟ್ ತೋಳು ಹಿಡಿದು ಎಳೆದ. ಅವಳು ಅವನನ್ನು ಯಾರು ಎಂಬಂತೆ ನೋಡಿದಳು.

ಜಾಲಿಮರಕ್ಕೆ ಬಂದಾಗ ನಡುಹಗಲು. ಎರಡು ಕಾಡುಕಾಗೆಗಳು ಬಂಡೆಯ ಮೇಲಿಂದ ಹಾರಿದವು. ಕೊಂಬೆಗಳನ್ನು ಎಳೆದು ಹಾಕಿ, ಎರಡು ಕ್ಯಾನುಗಳನ್ನೂ ಕೊಕ್ಕಿನಿಂದ ಕುಟ್ಟಿ ತೂತು ಮಾಡಿದ್ದವು. ಚೆಲ್ಲಿದ ನೀರಿನ ಕಲೆ ಕೂಡ ಒಣಗಿಹೋಗಿತ್ತು. ಎಲ್ವೀರಾ ಅಳಿಯನನ್ನು ಬೈಯಲು ಬಾಯಿ ತೆರೆದಳು. ನಾಲಿಗೆ ಮೇಲ್ದವಡೆಗೆ ಅಂಟಿಕೊಂಡಿತ್ತು. 'ಬಿಡು, ಸಾಕು' ಎಂದವರು ಯಾರು ಎಂಬುದು ಆ ಸ್ಥಿತಿಯಲ್ಲೂ ನೆನಪಾಯಿತು. ಕಾಲು ಕುಸಿದು ಅಲ್ಲೇ ಕೂತಳು.

ಎವೆರೆಟ್ ತನ್ನ ಬಾಟಲಿಯಲ್ಲಿ ಉಳಿದಿದ್ದ ಒಂದು ಗುಟುಕನ್ನೂ ಅವಳ ಬಾಯಿಗೆ ಹಿಡಿದ. ಅವಳ ಹಣೆ ಮುಟ್ಟಿದವನು ಕೈ ಹಿಂದೆಗೆದುಕೊಂಡ, ಒಲೆಯ ಮೇಲಿನ ಹಂಚಿನಂತಿತ್ತು ಅದು. ಅವಳ ಎದೆಯ ಜೇಬಿಗೆ ಕೈ ಹಾಕಿ ಗಾಜಿನ ಸೀಸೆ ತೆಗೆದ.

"ಪಾಪಿ! ಮಗುವಿನ ನೀರು ಅದು!"

"ಮಗುಗೆ ಅಜ್ಜಿ ಬೇಕು ಅತ್ತೆ. ನೀರು ನಲ್ಲೀಲೂ ಬರುತ್ತೆ."

ಕರ್ಚೀಫು ಒದ್ದೆ ಮಾಡಿ ಅವಳ ಕುತ್ತಿಗೆಗೆ ಹಾಕಿದ. ಮೊಬೈಲು ಎತ್ತಿ ಹಿಡಿದು ನೋಡಿದ, ಕಣಿವೆಯೊಳಗೆ ಎಲ್ಲಿಯ ಸಿಗ್ನಲ್ಲು! ಮೇಲೆ ಹೋದರೆ ಇನ್ನೂ ಅಷ್ಟೇ ದೂರ, ಕೆಳಗೆ ಹೋದರೂ ಅಷ್ಟೇ. ಅವಳನ್ನು ಇನ್ನಷ್ಟು ಗಾಢ ನೆರಳಿಗೆ ಎಳೆಯಲೆಂದು ಬಂಡೆಯ ಹಿಂಬದಿಗೆ ಹೋದವನು, "ಅತ್ತೆ, ಇಲ್ಲಿ ನೋಡಿ!" ಎಂದು ಕೂಗಿದ.

ಬಂಡೆಯ ಸೀಳಿನಲ್ಲಿ, ಮೇಲೆ ಅಚ್ಚುಕಟ್ಟಾಗಿ ಕಲ್ಲು ಪೇರಿಸಿ, ಒಂದು ತಗಡಿನ ಡಬ್ಬಿ. ತಿರುಪಿನ ಮುಚ್ಚಳ. ಎರಡು ಚೊಂಬು ಹಿಡಿಯುವಂಥದ್ದು. ಮೈಮೇಲೆ ಕೆಂಪು ಉಗುರುಬಣ್ಣದಲ್ಲಿ ಬರೆದಿತ್ತು: ಚಾಯೋ, ಸಾನ್ ಹುವಾನನ ದಿನ. ಅಪ್ಪನ ಡಬ್ಬಿ. ನಸುಗತ್ತಲಲ್ಲಿ ಅದರಿಂದ ಒಂದು ಮಾರು ದೂರದಲ್ಲಿ ಎಲ್ವೀರಾ ತನ್ನ ಕ್ಯಾನುಗಳನ್ನು ಇಟ್ಟುಹೋಗಿದ್ದಳು.

"ಇಡು ಅದನ್ನ," ಎಂದಳು. "ದಿನ ದಾಟಿಲ್ಲ. ಅವಳು ಕೆಳಗಿದ್ದಾಳೆ. ಏರಿ ಬರೋವಾಗ ಇದನ್ನೇ ನಂಬ್ಕೊಂಡು ಬರ್ತಾಳೆ."

"ನಿಮ್ಮ ಸ್ವಂತ ಅಕ್ಕ ಅತ್ತೆ!"

"ಅದಕ್ಕೇ ಹೇಳ್ತಿರೋದು. ಇಡು."

ಅವನು ಇಡಲಿಲ್ಲ. ಮುಚ್ಚಳ ತೆಗೆದ. ನೀರಿನ ವಾಸನೆ ಬಂತು. ನೀರಿಗೆ ವಾಸನೆಯಿಲ್ಲ ಎನ್ನುವವರು ಬಾಯಾರಿಕೆ ಕಂಡವರಲ್ಲ. ಹಸಿ ಕಲ್ಲಿನ, ತಗಡಿನ, ಬಾಲ್ಯದ ವಾಸನೆ.

"ಸರಿ," ಎಂದಳು ಎಲ್ವೀರಾ. "ನೀನು ಎರಡು ಗುಟುಕು ಕುಡಿ. ತಂದೆ ಆಗೋನು. ನಾನು ಸ್ವಲ್ಪ. ಅರ್ಧ ಅವಳಿಗೆ. ಅರ್ಧ, ಗೊತ್ತಾಯ್ತಾ? ನೀನೇ ನೋಡ್ಕೋ."

ಎವೆರೆಟ್ ಎಣಿಸಿ ಎರಡು ಗುಟುಕು ಕುಡಿದು ಡಬ್ಬಿಯನ್ನು ಅವಳ ತುಟಿಗೆ ಹಿಡಿದ.

ಮೊದಲ ಗುಟುಕಿಗೆ ಅವಳ ಬಾಯಿ ಮತ್ತೆ ಬಾಯಿಯಾಯಿತು. ಎರಡನೆಯದಕ್ಕೆ ಅವಳು ತಾಯಿಯ ಮನೆಯ ಬೀದಿಯಲ್ಲಿದ್ದಳು. ಬೀದಿ ತುಂಬ ಹೊಳೆ ಹರಿಯುತ್ತಿತ್ತು, ಮೊಣಕಾಲೆತ್ತರ, ಕಂದು ಬಣ್ಣದ ಮಳೆನೀರು. ಬಾಗಿಲುಗಳೆಲ್ಲ ತೆರೆದಿದ್ದವು. ತಾಯಿ ಕತ್ತರಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು, ಅವಳ ಮಡಿಲಿನಿಂದ ಕೂದಲ ಚೂರುಗಳು ಹೊಳೆಗೆ ಬಿದ್ದು ಮೀನಾಗುತ್ತಿದ್ದವು. ಚಾಯೋ, ಎರಡು ಜಡೆಯ, ಹಲ್ಲು ಬಿದ್ದ ಚಾಯೋ, ಡಬ್ಬಿ ಎತ್ತಿ ಹಿಡಿದು ಹೇಳುತ್ತಿದ್ದಳು: ಕುಡಿಯೇ, ಕುಡಿ, ಎಷ್ಟು ಬೇಕೋ ಅಷ್ಟು ಕುಡಿ. ಯಾರೋ ಡಬ್ಬಿಯನ್ನು ಕಿತ್ತುಕೊಳ್ಳಲು ನೋಡಿದರು. ದೊಡ್ಡದೊಂದು ಕೆಂಪು ಕೈ. ಎಲ್ವೀರಾ ಅದನ್ನು ಬಿಡಲಿಲ್ಲ. ಹೊಳೆ ಮೆಲ್ಲಗೆ ಅವಳ ಸೊಂಟದವರೆಗೆ, ಎದೆಯವರೆಗೆ ಏರಿತು. ಅವಳು ಮಲಗಿಕೊಂಡಳು, ತೇಲಿದಳು.

ಕಣ್ಣು ಬಿಟ್ಟಾಗ ಜಾಲಿಯ ಎಲೆಗಳು ಕಂಡವು. ಡಬ್ಬಿ ಅವಳ ಎದೆಯ ಮೇಲಿತ್ತು. ಎತ್ತಿ ಅಲ್ಲಾಡಿಸಿದಳು. ಸದ್ದೇ ಇಲ್ಲ.

ಬಗ್ಗಿಸಿ ನೋಡಿದಳು. ಬೆರಳು ಹಾಕಿ ನೋಡಿದಳು.

"ಯಾಕೋ ತಡೀಲಿಲ್ಲ ನನ್ನ?" ಎಂದು ಚೀರಿದಳು. "ಅರ್ಧ ಅಂತ ಹೇಳಿದ್ನಲ್ಲೋ!"

"ತಡೆದೆ ಅತ್ತೆ," ಎಂದ ಎವೆರೆಟ್. ಅವನು ಬಂಡೆಗೊರಗಿ ಕೂತಿದ್ದ, ತುಟಿ ಬಿರಿದಿತ್ತು. ಬಲಗೈ ಮುಂದೆ ಚಾಚಿ ತೋರಿಸಿದ. ಹೆಬ್ಬೆರಳಿನ ಬುಡದಲ್ಲಿ ಹಲ್ಲಿನ ಗುರುತು, ರಕ್ತ ಹೆಪ್ಪುಗಟ್ಟಿತ್ತು. "ಕಚ್ಚಿದ್ರಿ."

ಎಲ್ವೀರಾ ಆ ಗುರುತನ್ನು ಬಹಳ ಹೊತ್ತು ನೋಡಿದಳು. ಅವು ತನ್ನವೇ ಹಲ್ಲು, ಮುಂದಿನದೊಂದು ಸೊಟ್ಟಗಿರುವುದು ಕೂಡ ಅಲ್ಲಿ ಮೂಡಿತ್ತು. ಇದು ನಾನಲ್ಲ ಎನ್ನೋಣವೆಂದರೆ ಸಾಕ್ಷಿ ಅವಳ ಬಾಯಲ್ಲೇ ಇತ್ತು. ಅರ್ಧ ಬಿಡಬೇಕು ಎಂದು ಅವಳು ನಿಜವಾಗಿಯೂ ಅಂದುಕೊಂಡಿದ್ದಳು. ಮನಸ್ಸು ಅಂದುಕೊಂಡಿತ್ತು. ಮೈ ಮನಸ್ಸನ್ನು ಕೇಳಲೇ ಇಲ್ಲ. ಹಾಗಾದರೆ ಅಂದು ಆಸ್ಪತ್ರೆಯ ಬಾಗಿಲಲ್ಲಿ, ಗಂಜಿಯ ಪಾತ್ರೆ ಹಿಡಿದು, ಚಾಯೋ ಹೇಳಿದ್ದು ಸತ್ಯವೇ. ನೆಪ ಹೇಳಲಿಲ್ಲ ಅವಳು, ಆದದ್ದನ್ನು ಆದ ಹಾಗೆ ಹೇಳಿದ್ದಳು. ಅದನ್ನು ಎಲ್ವೀರಾ ಏಳು ವರ್ಷ ಊರ ತುಂಬ ಕುಣಿಸಿದ್ದಳು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಈ ಸಲ ಅವಳು ಮಾಡಿದ್ದನ್ನು ಉಣ್ಣಬೇಕಾದವಳು ಮಾತ್ರ ಚಾಯೋ.

"ಅವಳಿಗೆ ಹೇಳ್ಬೇಕು," ಎಂದು ಎದ್ದಳು. "ನೀರಿಲ್ಲ ಅಂತ ಹೇಳ್ಬೇಕು. ಅರವತ್ತಾರು ಅವಳಿಗೆ. ಮಂಡಿ ನೋವು ಬೇರೆ."

ಎರಡು ಹೆಜ್ಜೆ ಇಟ್ಟವಳು ಬಿಸಿಲಿಗೆ ಮುಖವೊಡ್ಡಿದ್ದೇ ತಡ, ಗೋಡೆಗಳು ಮತ್ತೆ ಉಸಿರಾಡತೊಡಗಿದವು. ಎವೆರೆಟ್ ಹಿಡಿದು ಕೂರಿಸಿದ.

"ನಾನು ಇಳಿದು ಹೇಳಿ ಬರ್ತೀನಿ."

"ಬೇಡ!" ಅವಳು ಅವನ ಅಂಗಿ ಹಿಡಿದುಕೊಂಡಳು. "ನಿನ್ನ ಹೆಂಡ್ತಿಗೆ ನಾನೇನು ಉತ್ತರ ಕೊಡ್ಲಿ? ಆ ಬೋರ್ಡು ನಿನಗಷ್ಟೇ ಅಲ್ಲ ಕಣೋ ಬರೆಸಿರೋದು. ಕೂತ್ಕೋ. ನೆರಳು ಬರೋವರೆಗೂ ಯಾರೂ ಅಲ್ಲಾಡೋದು ಬೇಡ."

ಇಬ್ಬರೂ ಕೂತರು. ಮಧ್ಯಾಹ್ನ ಮುಗಿಯುವ ಹಾಗೇ ಕಾಣಲಿಲ್ಲ. ಕಣಿವೆ ನಿಶ್ಶಬ್ದವಾಗಿತ್ತು, ಹಲ್ಲಿ ಕೂಡ ಕಲ್ಲಿನಿಂದ ಕಲ್ಲಿಗೆ ಓಡುತ್ತಿರಲಿಲ್ಲ. ಎಲ್ವೀರಾ ದಾರಿಯ ತಿರುವಿನ ಮೇಲೆ ಕಣ್ಣು ನೆಟ್ಟಿದ್ದಳು. ನಿದ್ದೆ ಬಂದು ಹೋಗುತ್ತಿತ್ತು. ಪ್ರತಿ ನಿದ್ದೆಯಲ್ಲೂ ಚಾಯೋ ತಿರುವು ದಾಟಿ ಬರುತ್ತಿದ್ದಳು, ಒಮ್ಮೆ ಮದುಮಗಳ ಬಟ್ಟೆಯಲ್ಲಿ, ಒಮ್ಮೆ ಗಂಜಿಯ ಪಾತ್ರೆ ಹಿಡಿದು, ಒಮ್ಮೆ ಹೂವಿನಷ್ಟು ಹಗುರಾಗಿ ಗಾಳಿಯಲ್ಲಿ ತೇಲುತ್ತ. ಎಚ್ಚರವಾದರೆ ತಿರುವು ಬರಿದು. ಇಷ್ಟು ಹೊತ್ತಿಗೆ ಬರಬೇಕಿತ್ತು. ಯಾವುದೋ ಕಲ್ಲಿನ ಪಕ್ಕ ಬಿದ್ದಿದ್ದಾಳೆ. ಡಬ್ಬಿ ಇದೆ, ಇನ್ನು ಸ್ವಲ್ಪ ದೂರ, ಡಬ್ಬಿ ಇದೆ ಎಂದುಕೊಳ್ಳುತ್ತ ಬಿದ್ದಿದ್ದಾಳೆ. ಎಲ್ವೀರಾ ಅತ್ತಳು, ಕಣ್ಣೀರು ಬರಲಿಲ್ಲ.

"ಸಂತಪ್ಪ," ಎಂದಳು ಗಟ್ಟಿಯಾಗಿ, "ಮಳೆ ಕೊಡದಿದ್ರೆ ಕತ್ತೆ ಬಾಲ. ಅವಳನ್ನ ಕೊಡು."

ನೆರಳು ಎದುರಿನ ಗೋಡೆಯ ಬುಡದಲ್ಲಿ ಹುಟ್ಟಿ ಇಂಚಿಂಚೇ ಮೇಲೇರಿತು. ಕೆಂಪು ಕಲ್ಲು ನೇರಳೆಯಾಯಿತು. ದಾರಿ ಪೂರ್ತಿ ನೆರಳಾದ ಮೇಲೆ, ಕೆಳಗೆಲ್ಲೋ, ಮೂಗಿನಲ್ಲೇ ಹಾಡಿಕೊಳ್ಳುವ ದನಿ ಕೇಳಿತು. ಇದೂ ಕನಸೇ ಎಂದು ಎಲ್ವೀರಾ ಕಣ್ಣು ಬಿಡಲಿಲ್ಲ.

"ಅತ್ತೆ," ಎಂದ ಎವೆರೆಟ್. "ಅವರಾ?"

ತಿರುವಿನಲ್ಲಿ ಚಾಯೋ ಬಂದಳು. ಒದ್ದೆ ಟವಲು ತಲೆಗೆ ಸುತ್ತಿ, ಅಂಗಿಯನ್ನೂ ಒದ್ದೆ ಮಾಡಿಕೊಂಡು, ಕೋಲೂರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ. ಬೆನ್ನಿನ ಮೇಲೆ ತುಂಬಿದ ಎರಡು ಬಾಟಲಿಗಳು. ತಂಗಿಯನ್ನು ನೋಡಿ ನಿಂತಳು. ಅವಳ ಮಡಿಲಲ್ಲಿದ್ದ ಡಬ್ಬಿ ನೋಡಿದಳು. ತೂತಾದ ಕ್ಯಾನು ನೋಡಿದಳು. ಅಳಿಯನ ಕೈ ನೋಡಿದಳು. ಆಗಿದ್ದೇನೆಂದು ಯಾರೂ ಹೇಳಬೇಕಾಗಲಿಲ್ಲ.

"ಮಧ್ಯಾಹ್ನ ಏರಿದ್ಯೇನೇ?" ಎಂದಳು. "ನನ್ನ ಹೂವು ನೋಡಿ ಓಡಿದ್ಯಾ?"

ಎಲ್ವೀರಾ ಹೌದೆಂದು ತಲೆಯಾಡಿಸಿದಳು.

"ಆ ವರ್ಷದಿಂದ ನೆರಳು ಗೋಡೆ ಹತ್ತೋವರೆಗೂ ನಾನು ಒರತೆ ಬಿಟ್ಟು ಏಳಲ್ಲ. ಇಟ್ಟ ನೀರನ್ನೂ ನಂಬಲ್ಲ, ಹೊತ್ಕೊಂಡೇ ಬರ್ತೀನಿ. ಡಬ್ಬಿ ಸುಮ್ನೆ, ಯಾರಿಗಾದ್ರೂ ಬೇಕಾದ್ರೆ ಅಂತ." ಚಾಯೋ ಕೋಲು ಕೆಳಗಿಟ್ಟು ಪಕ್ಕದಲ್ಲಿ ಕೂತಳು, ಮಂಡಿ ಲಟಲಟ ಎಂದಿತು. "ನಿನಗೆ ಬುದ್ಧಿ ಬಂದಿರುತ್ತೆ ಅಂದ್ಕೊಂಡಿದ್ದೆ. ಸರಿಹೋಗಿದ್ದು ಮೂತ್ರಪಿಂಡ ಒಂದೇ ಅಂತ ಕಾಣುತ್ತೆ."

ಎವೆರೆಟ್‌ಗೆ ಒಂದು ಬಾಟಲಿ ಕೊಟ್ಟಳು. ಜೇಬಿನಿಂದ ಉಪ್ಪು ಹಾಕಿ ಒಣಗಿಸಿದ ಪ್ಲಮ್ ತೆಗೆದು ಇಬ್ಬರ ಬಾಯಿಗೂ ಒಂದೊಂದು ತುರುಕಿದಳು. "ಚೀಪಿ. ಬರೀ ನೀರು ಸಾಲದು, ಉಪ್ಪು ಬೇಕು ಮೈಗೆ."

ಎಲ್ವೀರಾ ಪ್ಲಮ್ಮನ್ನು ಕೆನ್ನೆಯೊಳಗೆ ತಳ್ಳಿಕೊಂಡಳು. ಹೇಳಬೇಕಾದ ಮಾತು ಒಂದೇ ಇತ್ತು. ಆ ಮಾತನ್ನು ಊರಲ್ಲಿ ಅಷ್ಟು ಸಲ ಆಡಿದವಳಿಗೆ ಈಗ ಅದು ಬಾಯಿಂದ ಹೊರಡಲೊಲ್ಲದು.

"ಅರ್ಧ ಬಿಡಬೇಕು ಅಂತಿದ್ದೆ ಅಕ್ಕ," ಎಂದಳು ಕೊನೆಗೆ.

ಚಾಯೋ ನಗಲಿಲ್ಲ. ನಗಬಹುದಿತ್ತು, ನಗುವ ಹಕ್ಕು ಊರಲ್ಲಿ ಯಾರಿಗಾದರೂ ಇದ್ದರೆ ಅದು ಅವಳಿಗೇ. ಡಬ್ಬಿಯನ್ನು ತಂಗಿಯ ಮಡಿಲಿನಿಂದ ಎತ್ತಿ ಬಗ್ಗಿಸಿದಳು, ಒಂದೇ ಒಂದು ಹನಿ ಬಿತ್ತು.

"ಗೊತ್ತು ಕಣೇ," ಎಂದಳು. "ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಬಾಟಲಿಯಿಂದ ಸ್ವಲ್ಪ ನೀರು ಡಬ್ಬಿಗೆ ಬಗ್ಗಿಸಿಕೊಂಡು, ಮೆಲ್ಲಗೆ ತಂಗಿಯ ತಲೆಯ ಮೇಲೆ ಸುರಿದಳು. ಒರತೆಯ ನೀರು ನೆತ್ತಿಯಿಂದ ಕಿವಿಗೆ, ಕಿವಿಯಿಂದ ಕುತ್ತಿಗೆಗೆ ಇಳಿಯಿತು. "ಸಾನ್ ಹುವಾನ್ ಬಂದ," ಎಂದಳು ಚಾಯೋ. ಈ ಸಲ ಓಡಿಹೋಗಲಿಲ್ಲ, ಓಡುವ ಮಂಡಿಯೂ ಅಲ್ಲ ಅದು. ಎಲ್ವೀರಾ ಅಕ್ಕನ ಒದ್ದೆ ತೋಳಿಗೆ ಮುಖ ಒತ್ತಿಕೊಂಡಳು. ಮೈಯಲ್ಲಿ ನೀರು ಸೇರಿತ್ತಲ್ಲ, ಈಗ ಕಣ್ಣೀರು ಬಂತು.

ಕತ್ತಲಾಗುವ ಮೊದಲು ಮೆಲ್ಲಗೆ ಏರೋಣ ಎಂದು ಎದ್ದರು. ಎವೆರೆಟ್ ಖಾಲಿ ಸೀಸೆಯನ್ನು ಸಂಕೋಚದಿಂದ ಮುಂದೆ ಹಿಡಿದ. "ದೊಡ್ಡತ್ತೆ, ಇದು ಮಗುವಿಂದು."

"ಒಂದ್ ಚೂರು ಹಾಕಕ್ಕ, ಅರ್ಧ ಸಾಕು," ಎಂದಳು ಎಲ್ವೀರಾ. "ದಾರಿಗೆ ನಿನಗೆ ಬೇಕಾಗುತ್ತೆ."

"ಅರ್ಧದ ಮಾತು ಇವತ್ತಿಗೆ ಸಾಕು ಬಿಡೇ," ಎಂದು ಚಾಯೋ ಸೀಸೆಯನ್ನು ಕಂಠದವರೆಗೆ ತುಂಬಿದಳು.